ಬೆನ್ನಿನಿಂದ ಟೈರ್ ಆರಿಸಿದ ಗಾರ್ಡ್ ಪುಟ್ಟಸ್ವಾಮಯ್ಯ

ಟೈರನ್ನು ಜನ ಕಣ್ಣಿನಿಂದ ನೋಡಿ ಕೊಳ್ಳುತ್ತಾರೆ, ಕೈಯಿಂದ ತಟ್ಟಿ ಕೊಳ್ಳುತ್ತಾರೆ, ಕೆಲವರು ಕಾಲಿನಿಂದ ಒದ್ದೂ ಕೊಳ್ಳುತ್ತಾರೆ. ಗಾರ್ಡ್ ಪುಟ್ಟಸ್ವಾಮಯ್ಯನವರು ಮಾತ್ರ ಬೆನ್ನಿನಿಂದ ನೋಡಿ ಕೊಂಡರು. ಹಳೆಯ ವ್ಯಾನಿನ ಹಿಂಭಾಗದಲ್ಲಿ ಹಾಸಿಗೆ ಹಾಸಿ, ಅಂಗಾತ ಮಲಗಿ, ಎರಡೂ ಕೈಗಳನ್ನು ಎದೆಯ ಮೇಲಿಟ್ಟು, ಕಣ್ಣು ಮುಚ್ಚಿಕೊಂಡು, "ಹ್ಞೂಂ, ಬಿಡಪ್ಪ" ಎನ್ನುತ್ತಿದ್ದರು. ಗಾಡಿ ಓಡಿಸುತ್ತಿದ್ದವನು ನಾನು. ಹೆಬ್ಬಾಳದಿಂದ ಯಲಹಂಕದವರೆಗೆ ರಸ್ತೆಯ ಒಂದೊಂದು ಗುಂಡಿಗೂ ಹಿಂದಿನಿಂದ ಅವರ ತೀರ್ಪು ಕೇಳಿಸುತ್ತಿತ್ತು. "ಇದು ಸೊಂಟಕ್ಕೆ ಬಂತು." "ಇದು ಕತ್ತಿಗೆ." "ಇದು ಪರವಾಗಿಲ್ಲ, ಇದನ್ನ ಅವಳು ತಡ್ಕೋತಾಳೆ."

ಅವಳು ಎಂದರೆ ಅವರ ಹೆಂಡತಿ ಗಿರಿಜಮ್ಮ. ಎಂಬತ್ತರ ದಶಕದ ಮೊದಲ ವರ್ಷಗಳವು. ಆರ್.ಟಿ. ನಗರದಲ್ಲಿ ಅವರ ಮನೆಯ ಹಿಂದಿದ್ದ ಒಂಟಿ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಯಶವಂತಪುರದ ಒಂದು ಲಾರಿ ಆಫೀಸಿನಲ್ಲಿ ಗುಮಾಸ್ತನ ಕೆಲಸ; ಲಾರಿ ಡ್ರೈವರುಗಳ ಸಹವಾಸದಿಂದ ಗಾಡಿ ಓಡಿಸುವುದನ್ನು ಕಲಿತಿದ್ದೆ. ಆ ವಿದ್ಯೆ ನನ್ನ ಭಾನುವಾರಗಳನ್ನೆಲ್ಲ ಹೀಗೆ ತಿಂದುಹಾಕುತ್ತದೆ ಎಂದು ಗೊತ್ತಿದ್ದರೆ ಬಾಯಿ ಬಿಡುತ್ತಿರಲಿಲ್ಲ.

ಪುಟ್ಟಸ್ವಾಮಯ್ಯನವರು ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದು ನಿವೃತ್ತರಾದವರು. ಗೂಡ್ಸ್ ಗಾಡಿಯ ಕಟ್ಟಕಡೆಗೆ ಗೂಡಿನಂಥದೊಂದು ಡಬ್ಬಿ ಇರುತ್ತಿತ್ತಲ್ಲ, ಅದರಲ್ಲಿ ಕೂತು ಯಶವಂತಪುರದಿಂದ ಅರಸೀಕೆರೆ, ಬೀರೂರಿನವರೆಗೆ ಹೋಗಿ ಬರುವುದರಲ್ಲೇ ಅವರ ಸರ್ವೀಸು ಮುಗಿದಿತ್ತು. ನಿವೃತ್ತಿಯಾದರೂ ಗಾರ್ಡ್‌ಗಿರಿ ಬಿಟ್ಟಿರಲಿಲ್ಲ. ಮನೆಗೆ ಬಂದ ನೆಂಟರು ಆಟೋ ಹತ್ತಿದರೆ ಇವರು ಗೇಟಿನ ಬಳಿ ನಿಂತು, ಎರಡೂ ಕಡೆ ನೋಡಿ, ಬಲಗೈ ಎತ್ತಿ ಬೀಸಿದ ಮೇಲೇ ಆಟೋದವನು ಹೊರಡಬೇಕು. ಅವನೇನಾದರೂ ಅವಸರ ಮಾಡಿದರೆ, "ಇಂಜಿನ್ ನಿಂದು, ಗಾಡಿ ನಂದು ಕಣಯ್ಯ, ತಡಿ" ಎಂದು ಗದರುತ್ತಿದ್ದರು. ನಲ್ಲಿಯಲ್ಲಿ ನೀರು ಬರುವುದು ತಡವಾದರೂ, ನನ್ನ ಬಾಡಿಗೆ ತಡವಾದರೂ, ನನಗೆ ಹೆಣ್ಣು ಸಿಗುವುದು ತಡವಾದರೂ ಅವರದು ಒಂದೇ ಮಾತು: "ಗೂಡ್ಸ್ ಗಾಡಿಗೆ ಟೈಂ ಇಲ್ಲಪ್ಪ, ಊರು ಮಾತ್ರ ಇದೆ. ಸೇರುತ್ತೆ ಬಿಡು."

ಹಿಂದಿನಿಂದ ಬರುವ ಮೇಲ್, ಪ್ಯಾಸೆಂಜರ್ ಎಲ್ಲಕ್ಕೂ ದಾರಿ ಬಿಟ್ಟು, ಪಕ್ಕದ ಲೈನಿನಲ್ಲಿ ಗಂಟೆಗಟ್ಟಲೆ ನಿಲ್ಲುವುದು ಗೂಡ್ಸ್ ಗಾಡಿಯ ಹಣೆಬರಹ. ಹಾಗೆ ನಿಲ್ಲುತ್ತಿದ್ದ ಜಾಗಗಳಲ್ಲಿ ಗುಬ್ಬಿಯಾಚೆ ಒಂದು ಸಣ್ಣ ಸ್ಟೇಷನ್ನಿನ ಪಕ್ಕದ ಕೆರೆ ಇವರಿಗೆ ಅಚ್ಚುಮೆಚ್ಚು. ತಡವಾಗಿ ಮನೆಗೆ ಬಂದು ಹೆಂಡತಿಯಿಂದ ಬೈಸಿಕೊಳ್ಳುವಾಗಲೆಲ್ಲ ಆ ಕೆರೆಯನ್ನೇ ಅಡ್ಡ ತರುತ್ತಿದ್ದರಂತೆ. ಇವತ್ತು ಕೊಕ್ಕರೆಗಳು ಬಂದಿದ್ದವು, ಇವತ್ತು ಕೆರೆ ಕೋಡಿ ಬಿದ್ದಿತ್ತು, ಇವತ್ತು ಏರಿಯ ಮೇಲೆ ಒಂದು ನರಿ ನಿಂತು ನನ್ನನ್ನೇ ನೋಡುತ್ತಿತ್ತು, ಹೀಗೆ. ಬೈಗುಳ ಅರ್ಧಕ್ಕೇ ನಿಂತು ಗಿರಿಜಮ್ಮ, "ಆಮೇಲೆ?" ಎನ್ನುತ್ತಿದ್ದರು. ರಿಟೈರ್ ಆದ ಕೂಡಲೇ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಇವರು ಮಾತು ಕೊಟ್ಟಿದ್ದರು.

ರಿಟೈರ್ ಆಗುವ ಹಿಂದಿನ ವರ್ಷ ಗಿರಿಜಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಅಲ್ಲಿಂದಾಚೆಗೆ ಮಲಗಿದ್ದರೆ ಸರಿ, ಕೂತರೆ ಕಷ್ಟ, ಮೈ ಕುಲುಕಿದರೆ ಜೀವ ಹೋಗುವಂಥ ನೋವು. ಮಕ್ಕಳಿಲ್ಲದ ಮನೆ. ಅಡುಗೆ, ಬಟ್ಟೆ, ಆಕೆಯ ಸ್ನಾನ, ಜಡೆ ಹೆಣೆಯುವುದು ಸಮೇತ ಎಲ್ಲವನ್ನೂ ಪುಟ್ಟಸ್ವಾಮಯ್ಯನವರೇ ಮಾಡುತ್ತಿದ್ದರು. ಆಕೆಯ ಕೈಕಾಲಿಗೆ ಬಂದ ನಿಶ್ಶಕ್ತಿ ನಾಲಿಗೆಗೆ ಬಂದಿರಲಿಲ್ಲ. ಹಾಸಿಗೆಯಲ್ಲಿದ್ದುಕೊಂಡೇ ಅಡುಗೆಮನೆಯ ಒಗ್ಗರಣೆಯ ಸದ್ದು ಕೇಳಿ, "ರೀ, ಸಾಸಿವೆ ಸೀದು ಹೋಯ್ತು" ಎಂದು ಕೂಗುತ್ತಿದ್ದರು. ಆದರೆ ಕೆರೆಯ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಒಮ್ಮೆ ಡಾಕ್ಟರು, "ಕುಲುಕಾಡದ ಹಾಗೆ ಕರ್ಕೊಂಡ್ಹೋಗೋದಾದ್ರೆ ಎಲ್ಲಿಗೆ ಬೇಕಾದ್ರೂ ಹೋಗಿ" ಎಂದು ಮಾತಿಗೆ ಅಂದರು. ಇವರು ಅದನ್ನು ಅಪ್ಪಣೆ ಎಂದೇ ತೆಗೆದುಕೊಂಡರು. ಕೆರೆಯ ಪಕ್ಕದ ಆ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲುತ್ತಿತ್ತು. ಅಷ್ಟರಲ್ಲಿ ಮಲಗಿದವರನ್ನು ಇಳಿಸುವುದು ಆಗದ ಮಾತು. ಹಾಗಾಗಿ ರಸ್ತೆಯೇ ಗತಿ. ಒಂದು ನರ್ಸಿಂಗ್ ಹೋಮಿನವರು ಮೂಲೆಗೆ ತಳ್ಳಿದ್ದ ಹಳೆಯ ಆಂಬುಲೆನ್ಸ್ ವ್ಯಾನನ್ನು ಕೊಂಡು ತಂದರು. ಅದರೊಳಗೆ ಮಂಚ ಕೂರಿಸಿದರು, ಸೀಮೆಎಣ್ಣೆ ಸ್ಟೌವಿಗೊಂದು ಕಟ್ಟೆ, ನೀರಿನ ಡ್ರಮ್ಮಿಗೊಂದು ಮೂಲೆ, ಗಿರಿಜಮ್ಮನ ಔಷಧಿಗೊಂದು ಗೂಡು ಮಾಡಿಸಿದರು. ಬೀದಿಯವರು ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು. ಎಲ್ಲ ಆಯಿತು, ಟೈರ್ ಒಂದು ಉಳಿಯಿತು.

ಯಶವಂತಪುರದಲ್ಲಿ ನಮ್ಮ ಆಫೀಸಿನ ಎದುರಿಗೆ ಬಷೀರ್ ಸಾಹೇಬರದು ಹಳೆ ಟೈರಿನ ವ್ಯಾಪಾರ. ಅಲ್ಲಿಗೆ ನಾನೇ ಕರೆದುಕೊಂಡು ಹೋದೆ.

"ನೋಡಿ ಬಷೀರ್, ಮಳೆಗಾಲದಲ್ಲಿ ಕೆಸರಲ್ಲಿ ಹೂತ್ಕೋಬಾರ್ದು. ಬೇಸಿಗೇಲಿ ಟಾರ್ ಕರಗಿದ್ರೂ ಅಂಟ್ಕೋಬಾರ್ದು. ಒಳಗೆ ಮಲಗಿರೋರಿಗೆ ಗಾಡಿ ಓಡ್ತಿದೆ ಅಂತ್ಲೇ ಗೊತ್ತಾಗ್ಬಾರ್ದು. ಅಂಥಾದ್ದು ಕೊಡಿ" ಎಂದರು ಪುಟ್ಟಸ್ವಾಮಯ್ಯ.

ಬಷೀರ್ ಸಾಹೇಬರು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, "ಅಂಥಾದ್ದು ಏರೋಪ್ಲೇನಿಗೂ ಇಲ್ಲ ಸಾರ್. ಮಳೆಗೊಂದು, ಬಿಸಿಲಿಗೊಂದು ಚಪ್ಪಲಿ ಇಟ್ಕೋಬೋದು. ಟೈರ್ ಹಂಗಲ್ಲ. ಬಾರಾ ಮಹೀನಾ, ಹನ್ನೆರಡು ತಿಂಗಳೂ ಅದೇ ಓಡ್ಬೇಕು" ಎಂದರು.

"ಹನ್ನೆರಡು ತಿಂಗಳಿಂದೇ ಕೊಡಿ ಮತ್ತೆ."

ಯಾರಿಗೆ, ಯಾಕೆ ಎಂದು ಕೇಳಿ ತಿಳಿದ ಮೇಲೆ ಬಷೀರ್ ಸಾಹೇಬರು ವ್ಯಾಪಾರದ ಮಾತು ಬಿಟ್ಟರು. ಶನಿವಾರ ಒಂದು ಜೊತೆ ಹಾಕಿಕೊಂಡು ಹೋಗಿ, ಸರಿಯಿಲ್ಲದಿದ್ದರೆ ಸೋಮವಾರ ತಂದುಕೊಡಿ ಎಂದರು. ಪರೀಕ್ಷೆ ಶುರುವಾಯಿತು.

ಮೊದಲು ಹಾಕಿಸಿದ್ದು ಉದ್ದುದ್ದ ಗೆರೆಗಳ ನುಣುಪಾದ ಟೈರು. ಬಳ್ಳಾರಿ ರಸ್ತೆಯಲ್ಲಿ ಗಾಡಿ ತೊಟ್ಟಿಲಿನ ಹಾಗೆ ಹೋಯಿತು. ಹಿಂದಿನಿಂದ ತೀರ್ಪುಗಳೇ ಬರದೆ ನಿದ್ದೆ ಹೋದರೇನೋ ಅಂದುಕೊಂಡೆ. ಕೆಸರನ್ನೂ ನೋಡಿಬಿಡೋಣ ಎಂದು ಪುಟ್ಟೇನಹಳ್ಳಿ ಕೆರೆಯ ಕಡೆ ತಿರುಗಿಸಿದರೆ, ಹಿಂದಿನ ಚಕ್ರಗಳು ಮುಕ್ಕಾಲು ಹೂತುಹೋದವು. ಎತ್ತು ಹೊಡೆದುಕೊಂಡು ಬರುತ್ತಿದ್ದ ಒಬ್ಬ ರೈತ ಹಿಂದಿನ ಬಾಗಿಲಿನಿಂದ ಇಣುಕಿ ನೋಡಿ, ಎದೆಯ ಮೇಲೆ ಕೈಯಿಟ್ಟು ಮಲಗಿದ್ದವರನ್ನು ಕಂಡು ದನಿ ತಗ್ಗಿಸಿ ನನ್ನನ್ನು ಕೇಳಿದ: "ಯಾವೂರಿಗೆ ಸ್ವಾಮಿ ಎಣ? ಇಂಗ್ಯಾಕ್ ಬಂದ್ರಿ, ಸುಡುಗಾಡು ಆ ಕಡೆಗೈತೆ."

"ಹೆಣ ಅಲ್ಲಯ್ಯ, ಜೀವ ಇದೆ! ಎತ್ತು ಕಟ್ಟಿ ಎಳಿ!" ಎಂದು ಹೆಣವೇ ಕೂಗಿತು. ಆ ಮನುಷ್ಯ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಆಮೇಲೆ ನಗುತ್ತಲೇ ಎಳೆದುಕೊಟ್ಟ.

ಎರಡನೆಯದು ದಪ್ಪ ದಪ್ಪ ಗುಬಟುಗಳ ಟೈರು, ಟ್ರ್ಯಾಕ್ಟರಿನ ತಮ್ಮನಂತಿತ್ತು. ಕೆಸರೆಂದರೆ ಅದಕ್ಕೆ ಲೆಕ್ಕವೇ ಇಲ್ಲ. ಆದರೆ ಟಾರು ರಸ್ತೆಗೆ ಬಂದದ್ದೇ ಗಾಡಿಗೆ ಚಳಿಜ್ವರ ಹಿಡಿಯಿತು. ಮನೆ ತಲುಪಿ ಇಳಿದಾಗ ಪುಟ್ಟಸ್ವಾಮಯ್ಯನವರು ಗೋಡೆ ಹಿಡಿದುಕೊಂಡು ನಿಂತರು. ಇದು ಬೇಡ ಎಂದು ಹೇಳುವ ಅಗತ್ಯವೇ ಬೀಳಲಿಲ್ಲ.

ಹೀಗೆ ಇನ್ನೂ ಒಂದೆರಡು ಜೊತೆ ನೋಡಿ, ಕೊನೆಗೆ ಬಷೀರ್ ಸಾಹೇಬರು ಎಲ್ಲಿಂದಲೋ ತರಿಸಿದ ಟೈರಿನಲ್ಲಿ ನಡುವೆ ನುಣುಪು ಗೆರೆಗಳಿದ್ದವು, ಅಂಚಿನಲ್ಲಷ್ಟೇ ಗುಬಟುಗಳು. "ಟಾರಿನ ಮೇಲೆ ನಡುವಿಂದು ಓಡುತ್ತೆ, ಕೆಸರಲ್ಲಿ ಅಂಚು ಹಿಡ್ಕೊಳ್ಳುತ್ತೆ. ಎರಡೂ ಪೂರಾ ಇಲ್ಲ ಸಾರ್, ಎರಡೂ ಅರ್ಧರ್ಧ" ಎಂದರು.

"ಸಂಸಾರ ಇದ್ದಂಗೆ ಅನ್ನಿ. ಹಾಕಿ" ಎಂದರು ಇವರು. ಗಾಳಿಯನ್ನು ಮಾತ್ರ ಕಡಿಮೆ ಹಾಕಬೇಕು, ಆಗಲೇ ಮೆತ್ತಗೆ ಹೋಗುವುದು ಎಂದು ಪಟ್ಟು ಹಿಡಿದರು.

"ಗಾಳಿ ಕಮ್ಮಿಯಾದ್ರೆ ಟೈರ್ ಬೇಗ ಸಾಯುತ್ತೆ ಸಾರ್."

"ಸಾಯ್ಲಿ ಬಿಡಿ ಬಷೀರ್. ಟೈರ್ ತಾನೆ?"

ಬಷೀರ್ ಸಾಹೇಬರು ತಾವೇ ಕುಕ್ಕುರುಗಾಲಲ್ಲಿ ಕೂತು ನಾಲ್ಕೂ ಚಕ್ರದ ಗಾಳಿ ಇಳಿಸಿದರು.

ಮುಂದಿನ ಭಾನುವಾರ ಗಿರಿಜಮ್ಮನನ್ನು ಸ್ಟ್ರೆಚರಿನಲ್ಲಿ ತಂದು ಮಂಚದ ಮೇಲೆ ಮಲಗಿಸಿದೆವು. ಯಲಹಂಕದವರೆಗೆ ಹೋಗಿ ಬಂದೆವು. ನಾನು ಅಷ್ಟು ನಾಜೂಕಾಗಿ ಜನ್ಮದಲ್ಲಿ ಗಾಡಿ ಓಡಿಸಿದ್ದಿಲ್ಲ. ಮನೆಯ ಮುಂದೆ ನಿಲ್ಲಿಸಿದಾಗ ಪುಟ್ಟಸ್ವಾಮಯ್ಯನವರು ಪರೀಕ್ಷೆಯ ಫಲಿತಾಂಶ ನೋಡಲು ಬಂದ ಹುಡುಗನ ಮುಖ ಮಾಡಿಕೊಂಡು, "ಹೇಗಿತ್ತೇ? ಬೆನ್ನು ನೋವಾಯ್ತಾ?" ಎಂದು ಕೇಳಿದರು.

"ಬೆನ್ನಿಗೇನೂ ಆಗ್ಲಿಲ್ಲ. ಆದ್ರೆ ಎಲ್ಲಿಗೆ ಹೋಗಿದ್ವಿ?"

"ಯಲಹಂಕಕ್ಕೆ ಕಣೇ."

"ನಂಗೇನ್ ಗೊತ್ತು? ಮನೇಲಿ ಸೂರು ನೋಡ್ತಾ ಬಿದ್ದಿರ್ತೀನಿ. ಇಲ್ಲಿ ತಗಡು ನೋಡ್ತಾ ಬಿದ್ದಿದ್ದೆ. ಇಷ್ಟಕ್ಕೆ ಯಾಕ್ರೀ ಡೀಸೆಲ್ ಸುಡ್ತೀರಾ?"

ನನಗೆ ಆಕೆಯ ಮೇಲೆ ವಿಪರೀತ ಸಿಟ್ಟು ಬಂತು. ಒಬ್ಬ ಮನುಷ್ಯ ವಾರಗಟ್ಟಲೆ ಬೆನ್ನು ಸವೆಸಿದ್ದಕ್ಕೆ ಇದೇನು ಬಹುಮಾನ ಎನ್ನಿಸಿತು. ಸಿಟ್ಟಿನಲ್ಲೇ ಒಳಗೆ ಬಗ್ಗಿ ನೋಡಿದರೆ ಆಕೆ ಹೇಳಿದ್ದು ಸರಿಯಾಗಿಯೇ ಇತ್ತು. ಆಂಬುಲೆನ್ಸಿನ ಕಿಟಕಿಗಳು ಎಲ್ಲೋ ಮೇಲೆ, ಅವಕ್ಕೂ ಬಿಳಿಯ ಬಣ್ಣ ಬಳಿದಿತ್ತು. ಪುಟ್ಟಸ್ವಾಮಯ್ಯನವರು ಎಷ್ಟೋ ಭಾನುವಾರ ಅದೇ ಮಂಚದ ಮೇಲೆ ಮಲಗಿ ಹೋಗಿ ಬಂದಿದ್ದರು. ಬೆನ್ನಿಗೆ ಏನಾಗುತ್ತದೆ ಎಂದು ತಿಳಿಯುವ ಹಟದಲ್ಲಿ ಒಂದು ಸಲವೂ ಕಣ್ಣು ಬಿಟ್ಟಿರಲಿಲ್ಲ.

ಗಿರಿಜಮ್ಮನನ್ನು ಮನೆಯೊಳಗೆ ಒಯ್ದು ಮಲಗಿಸಿದೆವು. ಆಮೇಲೆ ಅವರು ಗಾಡಿಯೊಳಗೆ ಹೋಗಿ, ಮಂಚದ ಮೇಲೆ ಮಲಗಿ, ಪಕ್ಕಕ್ಕೆ ಹೊರಳಿ, ದಿಂಬಿನ ನೇರಕ್ಕೆ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದರು. ಆ ವಾರವೇ ತಗಡು ಕತ್ತರಿಸಿ, ಹಳೆಯ ಬಸ್ಸೊಂದರ ಕಿಟಕಿಯನ್ನು ಅಲ್ಲಿ ಕೂರಿಸಿದ್ದಾಯಿತು.

ದಸರಾ ಕಳೆದು ಕೆರೆಗಳೆಲ್ಲ ತುಂಬಿದ್ದ ಸಮಯದಲ್ಲಿ ಹೊರಟೆವು. ತುಮಕೂರು ರಸ್ತೆ ಹಿಡಿದಾಗಿನಿಂದ ಗಿರಿಜಮ್ಮನ ಬಾಯಿಗೆ ಬಿಡುವಿರಲಿಲ್ಲ. ಅದ್ಯಾವ ಬೆಟ್ಟ, ಅದ್ಯಾಕೆ ಆ ಹೆಂಗಸು ಹೊಲದಲ್ಲಿ ಕೂಗ್ತಿದ್ದಾಳೆ, ಈ ಊರಲ್ಲಿ ತೆಂಗು ಎಷ್ಟು ಚೆನ್ನಾಗಿದೆ ಎಂದು ಒಂದೇ ಸಮನೆ ಮಾತು. ಹಿಂದಿನ ದಿನ ಮಳೆಯಾಗಿ, ಸ್ಟೇಷನ್ನಿನಿಂದ ಕೆರೆಗೆ ಹೋಗುವ ಗಾಡಿಜಾಡು ಕೆಸರಾಗಿತ್ತು. ಒಂದು ಕಡೆ ಚಕ್ರ ಜಾರಿತು. ಅಂಚಿನ ಗುಬಟುಗಳು ಹಿಡಿದುಕೊಂಡವು, ಗಾಡಿ ಮೆಲ್ಲಗೆ ಮೇಲೆ ಬಂತು.

ಕೆರೆ ನಿಜವಾಗಿ ಹೇಳಬೇಕೆಂದರೆ ಅಷ್ಟೇನೂ ದೊಡ್ಡದಲ್ಲ. ಅಂಚಿನಲ್ಲಿ ಜಾಲಿಮರಗಳು, ನಾಲ್ಕಾರು ಕೊಕ್ಕರೆಗಳು, ಪಕ್ಕದಲ್ಲೇ ರೈಲುಹಳಿ. ಪುಟ್ಟಸ್ವಾಮಯ್ಯನವರು ಕಿಟಕಿಯ ಹೊರಗೆ ನಿಂತು, "ಅಲ್ನೋಡು, ಕೋಡಿ ಅಂದ್ನಲ್ಲ, ಅದೇ. ನರಿ ನಿಂತಿದ್ದು ಆ ಏರಿ ಮೇಲೆ" ಎಂದು ತೋರಿಸತೊಡಗಿದರು. ಗಿರಿಜಮ್ಮ ಸ್ವಲ್ಪ ಹೊತ್ತು ನೀರನ್ನು ನೋಡಿದರು. ಆಮೇಲೆ ಅವರ ಕಣ್ಣು ಹಳಿಯ ಕಡೆ ಹೋಯಿತು. ಅಲ್ಲಿ ಒಂದು ಗೂಡ್ಸ್ ಗಾಡಿ ನಿಂತಿತ್ತು. ಇಂಜಿನ್ ಎಲ್ಲೋ ದೂರದಲ್ಲಿ, ಕಣ್ಣಿಗೂ ಕಾಣಿಸದು. ನಮ್ಮ ಕಡೆಗಿದ್ದ ಕೊನೆಯ ಡಬ್ಬಿಯ ಮೆಟ್ಟಿಲ ಮೇಲೆ ಒಬ್ಬ ಎಳೆಯ ಗಾರ್ಡು ಮೊಣಕಾಲಿಗೆ ಗದ್ದ ಊರಿ ಕೂತಿದ್ದ.

"ಅವನು ಎಷ್ಟು ಹೊತ್ತು ಹಾಗೆ ಕೂತಿರ್ತಾನೆ?" ಎಂದು ಕೇಳಿದರು ಗಿರಿಜಮ್ಮ.

"ಲೈನ್ ಕೊಡೋವರ್ಗೂ. ಎರಡು ಗಂಟೆ ಆಗ್ಬೋದು, ಆರು ಗಂಟೆನೂ ಆಗ್ಬೋದು."

"ಮಾತಾಡೋಕೆ?"

"ಯಾರಿರ್ತಾರೆ?"

"ನೀವೂ ಹೀಗೇ ಒಬ್ರೇ ಕೂತಿರ್ತಿದ್ರಾ? ಅಷ್ಟು ವರ್ಷ?"

ಪುಟ್ಟಸ್ವಾಮಯ್ಯನವರು ಕೆರೆಯ ಕಡೆ ಚಾಚಿದ್ದ ಕೈಯನ್ನು ಕೆಳಗಿಳಿಸಿದರು.

"ಚಿತ್ರಾನ್ನ ಇದೆಯಲ್ಲ, ತಗೊಂಡ್ಹೋಗಿ ಕೊಡಿ. ಕೊಟ್ಟು ಬಂದ್ಬಿಡ್ಬೇಡಿ, ಅವನ ಊಟ ಆಗೋವರ್ಗೂ ಜೊತೇಲಿ ಕೂತಿರಿ" ಎಂದರು ಗಿರಿಜಮ್ಮ.

ಇವರು ಚಿತ್ರಾನ್ನದ ಡಬ್ಬಿ ಹಿಡಿದು, ಪಂಚೆ ಎತ್ತಿ ಕಟ್ಟಿ, ಜಲ್ಲಿಯ ಮೇಲೆ ಕಾಲಿಡುತ್ತಾ ಹೋದರು. ಆ ಹುಡುಗ ಮೊದಲು ಗಾಬರಿಯಾದ, ಆಮೇಲೆ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿಂದರು. ಗಿರಿಜಮ್ಮ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಬಂದು ಕೊಕ್ಕರೆ ಕಥೆ ಹೇಳ್ತಿದ್ರು ಕಣಪ್ಪ. ಸುಖವಾಗಿ ಕೂತಿದ್ದು ಬರ್ತಾರೆ ಅಂತ ನಾನು ಎಷ್ಟು ಬೈದಿದ್ದೀನಿ" ಎಂದು ನನಗೆ ಹೇಳಿದರು. ಕಣ್ಣೀರು ಕಿವಿಯ ಕಡೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಕೆಳಗಿಳಿದು ಜಾಲಿಮರದ ಹತ್ತಿರ ಹೋಗಿ ನಿಂತೆ. ನನಗೂ ತಡೆಯಲಾಗಲಿಲ್ಲ.

ಆಮೇಲೆ ಎಷ್ಟೋ ಸಲ ಹೋದೆವು. ಬೇರೆ ಎಲ್ಲಿಗಾದರೂ ಹೋಗೋಣ ಎಂದರೆ ಗಿರಿಜಮ್ಮ ಒಪ್ಪುತ್ತಿರಲಿಲ್ಲ. ಪ್ರತಿ ಸಲವೂ ಒಂದು ಡಬ್ಬಿ ಊಟ ಹೆಚ್ಚಿಗೆ ಇರಬೇಕು. ಗೂಡ್ಸ್ ನಿಲ್ಲದ ದಿನ ಅದು ಸ್ಟೇಷನ್ ಮಾಸ್ಟರಿಗೆ. ಬೆನ್ನಿನ ನೋವು ಹೆಚ್ಚಿ, ಗಾಡಿಗೆ ಎತ್ತುವುದೇ ಆಗದು ಎಂದಾದ ವರ್ಷ ಆಕೆ ತೀರಿಕೊಂಡರು. ಅಷ್ಟರಲ್ಲಿ ನನಗೆ ಹುಬ್ಬಳ್ಳಿಯ ಆಫೀಸಿಗೆ ವರ್ಗವಾಗಿತ್ತು.

ಪುಟ್ಟಸ್ವಾಮಯ್ಯನವರೂ ಹೆಚ್ಚು ಕಾಲ ಇರಲಿಲ್ಲ. ನಾನು ಅವರನ್ನು ಕಡೆಯ ಸಲ ನೋಡಿದ್ದು ರಜೆಗೆ ಬಂದಾಗ, ಅದೇ ಆರ್.ಟಿ. ನಗರದ ಮನೆಯಲ್ಲಿ. ಒಬ್ಬರಿಗಾಗುವಷ್ಟು ಅನ್ನ ಮಾಡಿಕೊಂಡು, ಅದನ್ನೂ ಪೂರ್ತಿ ತಿನ್ನದೆ ಕೂತಿದ್ದರು. ಅವರನ್ನು ಸ್ವಲ್ಪ ಹೊರಗೆ ಕರೆದೊಯ್ದರೆ ಒಳ್ಳೆಯದಾದೀತೆಂದು, "ನಾಳೆ ಕೆರೆ ಕಡೆ ಹೋಗಿ ಬರೋಣ್ವಾ ಸಾರ್? ನಾನೇ ಓಡಿಸ್ತೀನಿ" ಎಂದೆ.

ಬೇಡ ಎಂದು ತಲೆಯಾಡಿಸಿದರು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದರು:

"ಅಲ್ಲಿ ನಾನು ಒಬ್ನೇ ಕೂತಿರ್ತಿದ್ದೆ ಅಂತ ಅವಳು ಕೇಳೋವರ್ಗೂ ನಂಗೇ ಗೊತ್ತಿರ್ಲಿಲ್ಲ ಕಣಪ್ಪ. ಈಗ ಗೊತ್ತಾಗ್ಬಿಟ್ಟಿದೆ."