ಬೆನ್ನಿನ ನೀರು

ದೊಡ್ಡವ್ವ ನಡೆದುಹೋದ ದಾರಿಯ ಮಣ್ಣಿನಲ್ಲಿ ಒಂದು ಪಾದದ ಗುರುತು, ಪಕ್ಕದಲ್ಲೊಂದು ಗೆರೆ. ಎಡಗಾಲು ಎತ್ತಲಾರದೆ ಎಳೆದ ಗೆರೆ ಅದು. ನಮ್ಮೂರು ನರೋಣಾದಲ್ಲಿ ಆ ಗೆರೆ ಹಿಡಿದು ಹೋದರೆ ಅವಳು ಸಿಗುತ್ತಿದ್ದಳು. ಯಾವುದೋ ಕಟ್ಟೆಯ ಮೇಲೆ ಕೂತು, ಒಂದು ಕಣ್ಣು ಮುಚ್ಚಿ ಕುಸುಬಿ ಹೊಲ ನೋಡುತ್ತಿರುತ್ತಿದ್ದಳು.

"ಈ ಕಣ್ಣಿಗಿ ಹೂ ಕೆಂಪ ಕಾಣ್ತಾವ ಬೇ, ಆ ಕಣ್ಣಿಗಿ ಬರೇ ಮಂಜು. ನಂದು ಎರಡು ಹೊಲ," ಎನ್ನುವಳು. ನಾನೂ ಒಂದೊಂದೇ ಕಣ್ಣು ಮುಚ್ಚಿ ನೋಡುತ್ತಿದ್ದೆ. ನನಗೆ ಒಂದೇ ಹೊಲ ಕಾಣುತ್ತಿತ್ತು, ಹೊಟ್ಟೆಕಿಚ್ಚಾಗುತ್ತಿತ್ತು.

ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಎಂಬತ್ತರ ದಶಕದಲ್ಲಿ, ನಾನು ಹತ್ತನೆಯ ತರಗತಿಯಲ್ಲಿದ್ದಾಗ, ದೊಡ್ಡಪ್ಪ ಅವಳನ್ನು ಸೊಲ್ಲಾಪುರಕ್ಕೆ ಕರೆದೊಯ್ದ. ಅಲ್ಲಿ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದು ನೋಡಿದರು. ನರಗಳ ರೋಗ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಊರಲ್ಲಿ ಮಾತ್ರ 'ನೀರು ನೋಡಿಸಿ ಬಂದರು' ಎಂದು ಸುದ್ದಿಯಾಯಿತು. ನಮ್ಮ ಕಡೆ ನೀರು ನೋಡಿಸುವುದು ಬಾವಿ ತೋಡುವ ಮುಂಚೆ. ಪಕ್ಕದ ಮನೆಯ ಚಾಚಾ ಓಡಿಬಂದ.

"ನೀರು ಎಲ್ಲಿ ಬಿದ್ದಾವ್ರಿ ಅಕ್ಕಾರ? ನಮ್ಮ ಹೊಲದಾಗೂ ನೋಡಸ್ರಿ."

"ನನ್ನ ಬೆನ್ನಾಗ ಬಿದ್ದಾವಪಾ. ಮೋಟಾರ್ ಕೂಡಸ್ತಿ ಏನು?" ಎಂದು ದೊಡ್ಡವ್ವ ಬಿದ್ದು ಬಿದ್ದು ನಕ್ಕಳು.

ದೊಡ್ಡಪ್ಪ ನಗಲಿಲ್ಲ. ಕಿಣ್ಣಿ ಸುಲ್ತಾನ ಎಂಬ ಊರಿನಲ್ಲಿ ನನಗೊಂದು ಗಂಡು ನೋಡಿಟ್ಟಿದ್ದ. "ನೀ ಹಾಸಿಗಿ ಹಿಡಿಯೂದ್ರಾಗ ಇಕಿ ಕೊಳ್ಳಾಗ ತಾಳಿ ಬೀಳಲಿ," ಎಂದ.

"ಯಾವಾಗ ಹಿಡೀತೇನಂತ್ರಿ ಹಾಸಿಗಿ?"

"ನೀರಿನ್ಯಾಗ ರೋಗ ಕಾಣ್ತದ, ಅದು ಎಷ್ಟು ಜಲ್ದಿ ಮುಂದ ಹೋಗ್ತದ ಅನ್ನೂದು ಕಾಣಂಗಿಲ್ಲ ಅಂದ್ರಲ್ಲ ಡಾಕ್ಟರು."

"ನನ್ನ ಬೆನ್ನಿನ ನೀರಿಗೇ ತಿಳೀವಲ್ದು, ನಿಮಗ ಹ್ಯಾಂಗ ತಿಳೀತ್ರಿ? ಹುಡುಗಿ ಸಾಲಿಗಿ ಹೋಗಲಿ."

ಆಮೇಲೆ ಮದುವೆಯ ಮಾತು ಬಂದಾಗಲೆಲ್ಲ ಅವಳದು ಒಂದೇ ಉತ್ತರ: "ನೀರು ಇನ್ನಾ ಹೇಳಿಲ್ಲ." ಕೆಲವು ತಿಂಗಳು ಕಾಲು ಸುಧಾರಿಸಿ ಮಣ್ಣಿನ ಗೆರೆ ಮಾಯವಾಗುವುದು, ಮತ್ತೆ ಮೂಡುವುದು. ನಾನು ಓದುತ್ತಲೇ ಹೋದೆ.

ಜೇವರ್ಗಿಯ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕಾಗ ಅವಳು ಹಾಸಿಗೆಯಲ್ಲಿದ್ದಳು. ನನ್ನ ಮುಖವನ್ನು ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. "ಎರಡರಾಗೂ ಛಲೋ ಕಾಣಾಕತ್ತಿ," ಎಂದಳು. ಆ ಚಳಿಗಾಲದಲ್ಲಿ, ಕುಸುಬಿ ಹೂಬಿಟ್ಟಾಗ, ತೀರಿಕೊಂಡಳು.

ಈ ರೋಗ ಮುಂದೆ ಹೇಗೆ ಸಾಗಬಹುದೆಂದು ಈಗ ಬೆನ್ನಿನ ನೀರಿನಲ್ಲೂ ರಕ್ತದಲ್ಲೂ ಇರುವ ಗುರುತು ನೋಡಿ ಒಂದಿಷ್ಟು ಹೇಳಬಲ್ಲರಂತೆ, ಪತ್ರಿಕೆಯಲ್ಲಿ ಓದಿದೆ. ಎಷ್ಟೋ ಮಂದಿಗೆ ಒಳ್ಳೆಯದಾಗಲಿ. ಆದರೆ ಅಂದು ಆ ನೀರು ಬಾಯಿಬಿಟ್ಟಿದ್ದರೆ, ನನ್ನ ಕೊರಳಿಗೆ ತಾಳಿ ಬಿದ್ದು ಓದು ಹತ್ತನೆಯ ತರಗತಿಗೇ ನಿಲ್ಲುತ್ತಿತ್ತು.