ಉಪವಾಸದ ಕೈಗೆ ಕಲ್ಲಿಲ್ಲ

ಮೊನ್ನೆ ಸಂಜೆ ಬೀದಿ ತುದಿಯ ಹಿಟ್ಟಿನ ಅಂಗಡಿಯ ಮುಂದೆ ಹಾದು ಬರುವಾಗ, ಉದ್ದು ರುಬ್ಬಿ ನೊರೆಯೇಳುವ ಹೊತ್ತಿನ ಆ ಹಸಿ ವಾಸನೆ, ಅದರೊಳಗೆ ಒಂದಿಷ್ಟು ಕಾದ ಬೆಲ್ಟಿನ ವಾಸನೆ, ಮೂಗಿಗೆ ಬಡಿಯಿತು. ಕಾಲು ತಾನಾಗಿ ನಿಂತಿತು. ಗ್ರೈಂಡರ್ ಅತ್ತೆ ನೆನಪಾದರು...

ಎಂಬತ್ತರ ದಶಕದ ಮಾತು. ಕೋಯಮತ್ತೂರಿನ ಹತ್ತಿರದ ಅನ್ನೂರಿನಲ್ಲಿ ನಮ್ಮದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ಪಕ್ಕದ ಮನೆಯ ಆಕೆ ನಮಗೆ ನೆಂಟರೇನೂ ಅಲ್ಲ, ಆದರೂ ಬೀದಿಗೆಲ್ಲ ಅತ್ತೆ. ಜಗಲಿಯಲ್ಲಿ ದೊಡ್ಡ ಗ್ರೈಂಡರ್ ಇಟ್ಟುಕೊಂಡು, ಹೆಂಗಸರು ನೆನೆಸಿ ತಂದ ಅಕ್ಕಿ, ಉದ್ದು ರುಬ್ಬಿಕೊಡುತ್ತಿದ್ದರು.

ನನಗಾಗ ಹತ್ತೊಂಬತ್ತು. ಊಟ ಬಿಟ್ಟಿದ್ದೆ. ಯಾರಿಗೂ ಗೊತ್ತಾಗದ ಹಾಗೆ ಬಿಟ್ಟಿದ್ದೆ. ಸೋಮವಾರ ಶಿವನಿಗೆ, ಶುಕ್ರವಾರ ಅಮ್ಮನವರಿಗೆ, ಶನಿವಾರ ಪೆರುಮಾಳಿಗೆ, ನಡುವೆ ಷಷ್ಠಿ, ಏಕಾದಶಿ. ಮೈ ಇನ್ನೂ ಇಳಿಯಬೇಕು, ಇನ್ನೂ ಇಳಿಯಬೇಕು ಅನ್ನುವುದೊಂದೇ ಹಟ. ದೇವರುಗಳೆಲ್ಲ ಅದಕ್ಕೆ ನೆಪ. "ಎಂಥ ಭಕ್ತಿ ನಮ್ ಮಗೂಗೆ" ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಕಡೆಗೊಂದು ದಿನ ರಾಟೆಯ ಮುಂದೆ ನೂಲು ಸುತ್ತುತ್ತಿದ್ದವಳು ಹಾಗೇ ಒರಗಿಬಿದ್ದೆ. ಕೋಯಮತ್ತೂರಿನ ಆಸ್ಪತ್ರೆಯಲ್ಲಿ ಕೆಲವು ವಾರ... ಚೇತರಿಸಿಕೊಂಡು ಹೊರಡುವಾಗ ಡಾಕ್ಟರಮ್ಮ, "ಊಟ ತಪ್ಪಿಸಬಾರದು. ಇನ್ನು ನಿಧಾನವಾಗಿ ಕೈಕಾಲಿಗೆ ಬಲ ಬರುವ ಕೆಲಸ ಮಾಡಲಿ" ಎಂದು ಅಪ್ಪನಿಗೆ ಹೇಳಿ ಕಳಿಸಿದರು.

ಮನೆಯಲ್ಲಿ ಎಲ್ಲರೂ ತಟ್ಟೆ ಹಿಡಿದು ನನ್ನ ಬೆನ್ನುಬಿದ್ದರು. ಅತ್ತೆ ಮಾತ್ರ ಊಟದ ಮಾತೇ ಆಡಲಿಲ್ಲ. "ಅಮ್ಮಿಣಿ, ನನ್ ಭುಜ ಹಿಡ್ಕೊಂಡೈತೆ. ಗ್ರೈಂಡರ್ ಗುಂಡುಕಲ್ಲು ಎತ್ತಿಕೊಡಕ್ಕೆ ಒಂದ್ ಆಳು ಬೇಕು. ಬರ್ತ್ಯಾ?" ಅಂದರು. ಹೋಗಿ ಹಿಡಿದೆ. ಕಲ್ಲು ಅಲುಗಲಿಲ್ಲ. "ಅದು ಇವತ್ತೇ ಬರಲ್ಲ, ನನ್ ಕಣ್ಣು. ಮೊದ್ಲು ಅದರ ಮರಿ ಎತ್ತು" ಎಂದು ಚಟ್ನಿ ಅರೆಯುವ ಗುಂಡನ್ನು ಕೈಗೆ ಕೊಟ್ಟರು.

ಅತ್ತೆಯ ತವರು ಧಾರಾಪುರಂ. ಅಲ್ಲಿ ಅವರ ಅಣ್ಣ ಗರಡಿಯಲ್ಲಿ ಸಾಮು ಮಾಡುವುದನ್ನು ಗೋಡೆ ಮೇಲಿಂದ ಇಣುಕಿ ಇಣುಕಿ ಕಲಿತಿದ್ದರಂತೆ. ಮಂಡಿ ಮಡಿಸು, ಬೆನ್ನು ಬಗ್ಗಿಸಬೇಡ, ಉಸಿರು ಬಿಡುತ್ತಾ ಎತ್ತು. ಒಂದು ದಿನ ಎತ್ತಿದರೆ ಮರುದಿನ ಬಿಡುವು. ಚಿಕ್ಕ ಗುಂಡಾದ ಮೇಲೆ ನೀರಿನ ಕೊಡ, ಆಮೇಲೆ ಅಕ್ಕಿಯ ಚೀಲ. ಕಟ್ಟಳೆ ಒಂದೇ: ಉಪವಾಸದ ಕೈಗೆ ಕಲ್ಲಿಲ್ಲ. ತಮ್ಮ ಕಾಲಿನ ಸೊಟ್ಟ ಹೆಬ್ಬೆರಳು ಚಾಚಿ ತೋರಿಸುತ್ತಿದ್ದರು. "ಒಂದ್ ಶುಕ್ರವಾರ ಒಪ್ಪತ್ತು ಇದ್ದು ಎತ್ತಿದ್ದೆ, ಜಾರಿ ಇದರ ಮೇಲೇ ಬಿತ್ತು. ಕಲ್ಲಿಗೆ ಸಾಮಿ ಗೊತ್ತಿಲ್ಲ, ಕಾಲೊಂದೇ ಗೊತ್ತು. ಆ ಅಮ್ಮನೋರ ಹತ್ರ ನಾ ಮಾತಾಡ್ಕೋತೀನಿ, ನೀ ಉಂಡು ಬಾ."

ಕಲ್ಲಿನ ಆಸೆಗೆ ನನ್ನ ಉಪವಾಸದ ವಾರಗಳು ಒಂದೊಂದಾಗಿ ಕಳಚಿದವು. ಭಯ ಹೋಗಿರಲಿಲ್ಲ, ಎಷ್ಟೋ ಸಲ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸುತ್ತಿದ್ದೆ. ಕೊನೆಗೂ ಗುಂಡುಕಲ್ಲು ಎದ್ದು ಬಂದ ದಿನ ಅತ್ತೆ ಹೊಗಳಲಿಲ್ಲ. "ಸರಿ, ಪಕ್ಕಕ್ಕಿಡು, ಹಿಟ್ಟು ತೆಗೀಬೇಕು" ಅಂದರು. ನನಗೆ ಅದೇ ಹಿಗ್ಗು.

ಹಾಗಿರುವಾಗ ಎದುರುಮನೆ ಅಕ್ಕ ಪಾತ್ರೆ ಹಿಡಿದು ಅತ್ತೆಯ ಜಗಲಿಗೆ ಬಂದವರು, ಪ್ರೀತಿಯಿಂದಲೇ, "ಪರವಾಯಿಲ್ಲೆ! ಮೊಗ ಗುಂಡಗಾಗೈತೆ, ತೋಳೂ ತುಂಬೈತೆ" ಅಂದುಬಿಟ್ಟರು. ಅಷ್ಟೇ. ಅವತ್ತಿನಿಂದ ಮತ್ತೆ ಊಟ ನಿಂತಿತು.

ಮುಂದಿನ ಸರದಿಗೆ ಹೋದಾಗ ಅತ್ತೆ ನನ್ನ ಕೈ ನೋಡಿದರು. ಉಂಡ ಕೈಯಲ್ಲವೆಂದು ಅವರಿಗೆ ಗೊತ್ತಾಗಿಹೋಯಿತು. ಗ್ರೈಂಡರಿನಲ್ಲಿದ್ದುದು ಅದೇ ಅಕ್ಕನ ಹಿಟ್ಟು. ಅವರೂ ಅಲ್ಲೇ ನಿಂತಿದ್ದರು. ಅತ್ತೆ ಮೋಟಾರ್ ನಿಲ್ಲಿಸಿ ಅವರತ್ತ ತಿರುಗಿದರು.

"ಇವಳು ಇವತ್ತು ಎತ್ತಲ್ಲ. ನೀನೇ ಎತ್ಕೊ."

"ನಾನಾ? ಅಯ್ಯೋ ಅತ್ತೆ!"

"ಆ ತೋಳು ಯಾಕೆ ತುಂಬ್ತು ಅಂತ ನಿಂಗೂ ತಿಳೀಲಿ. ಇನ್ಮೇಲೆ ಇಲ್ಲಿ ಹಿಟ್ಟಿನ ತೂಕ ಮಾತಾಡು, ಹೆಣ್ಮಗೂ ತೂಕ ಬೇಡ."

ಅಕ್ಕ ಸೆರಗು ಸಿಕ್ಕಿಸಿ ಹಿಡಿದೆಳೆದರು. ಮೊಣಕೈವರೆಗೆ ಹಿಟ್ಟಾಯಿತೇ ಹೊರತು ಕಲ್ಲು ಏಳಲಿಲ್ಲ. "ಇದನ್ನಾ ಇವಳು ಎತ್ತೋದು!" ಎಂದು ನನ್ನನ್ನು ನೋಡಿ ಕಣ್ಣರಳಿಸಿದರು. ನಾನೂ ನನ್ನ ತೋಳು ನೋಡಿಕೊಂಡೆ. ಮೊದಲ ಸಲ ಅದು ಕೆಲಸ ಬಲ್ಲ ತೋಳಾಗಿ ಕಂಡಿತು.

"ಅತ್ತೆ, ತಿನ್ನಕ್ಕೆ ಏನಾದ್ರೂ ಐತಾ?" ಅಂದೆ.

ಎಷ್ಟೋ ಕಾಲದ ಮೇಲೆ ನಾನಾಗಿ ಬಾಯಿಬಿಟ್ಟು ಕೇಳಿದ್ದು ಅಂದೇ. ಅತ್ತೆ ಒಳಗೆ ಹೋಗಿ ಸಜ್ಜೆ ಗಂಜಿಗೆ ಮಜ್ಜಿಗೆ ಬೆರೆಸಿ, ಸಣ್ಣ ಈರುಳ್ಳಿ ನೆಂಚಿಕೊಳ್ಳಲು ತಂದಿಟ್ಟರು. ನಿಧಾನಕ್ಕೆ ಕುಡಿದೆ. ಅಕ್ಕ ಹಿಟ್ಟಿನ ಕೈಯಲ್ಲೇ ಕಾದು ಕೂತರು. ಕಲ್ಲನ್ನು ಆ ದಿನ ಮೂವರೂ ಸೇರಿ ಎತ್ತಿದೆವು.

ಮುಂದೆ ನಾನು ಮದುವೆಯಾಗಿ ಕೋಯಮತ್ತೂರಿನ ಉಕ್ಕಡಂ ಕಡೆ ಬಂದೆ. ಅತ್ತೆ ತೀರಿಕೊಂಡ ಸುದ್ದಿ ತಡವಾಗಿ ತಲುಪಿ, ಮುಖ ನೋಡಲೂ ಆಗಲಿಲ್ಲ. ನನಗಿದ್ದ ಕಾಯಿಲೆಗೆ ಒಂದು ಹೆಸರುಂಟೆಂದು ಈಚೆಗಷ್ಟೇ ತಿಳಿಯಿತು. ಅತ್ತೆಗೆ ಹೇಳಿದ್ದರೆ "ಅದಕ್ಕೆ ಹೆಸರು ಬೇರೆ ಇಟ್ಟವ್ರಾ!" ಎಂದು ನಗುತ್ತಿದ್ದರೇನೋ...

ಅದು ಪೂರ್ತಿ ಬಿಟ್ಟುಹೋಗಿದೆ ಎನ್ನಲಾರೆ. ಈ ವಯಸ್ಸಿನಲ್ಲೂ ಕೆಲವು ದಿನ ತಟ್ಟೆಯ ಮುಂದೆ ಕೈ ಹಿಂಜರಿಯುತ್ತದೆ. ಗೋಡೆಯಾಚೆಯಿಂದ ಕೂಗಿ ಕರೆಯಲು ಅತ್ತೆಯಿಲ್ಲ.  ನಾನೇ ಬಡಿಸಿಕೊಂಡು ಉಣ್ಣುತ್ತೇನೆ.