ಅವಳ ಸೀರೆಗಳ ಕೌದಿ

ಮದುವೆಯಾದ ಎರಡನೆಯ ವರ್ಷ ನನ್ನ ಹೆಂಡತಿ ಚಳಿಜ್ವರದಲ್ಲಿ ತೀರಿಕೊಂಡಳು. ಅವಳಿಗೆ ಹದಿನೆಂಟು, ನನಗೆ ಇಪ್ಪತ್ತಮೂರು. ಐವತ್ತರ ದಶಕದ ಮೊದಲ ವರ್ಷಗಳವು. ಪಿರಿಯಾಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದೆ. ಆ ಮನೆಯಲ್ಲಿ ಇದ್ದವರು ನಾವಿಬ್ಬರೇ.

ತಿಥಿ ಮುಗಿದ ಮೇಲೆ ಅವಳ ಬಟ್ಟೆಯನ್ನೆಲ್ಲ ಹೊಳೆಗೆ ಬಿಡಬೇಕೆಂದು ಹಿರಿಯರು ಹೇಳಿದರು. ನಾನೇ ಬಿಟ್ಟು ಬರುತ್ತೇನೆಂದು ಗಂಟು ಹೊತ್ತು ಹೊರಟೆ. ಹೊಳೆಯ ದಂಡೆಯಲ್ಲಿ ಬಹಳ ಹೊತ್ತು ಕೂತಿದ್ದು, ಗಂಟನ್ನು ಹಾಗೇ ಮನೆಗೆ ತಂದು ಟ್ರಂಕಿನಲ್ಲಿಟ್ಟೆ. ಕೇಳಿದವರಿಗೆಲ್ಲ ಬಿಟ್ಟೆ ಅಂದೆ. ಧಾರೆ ಸೀರೆ ಅವಳ ಜೊತೆಯಲ್ಲೇ ಹೋಗಿತ್ತು. ಉಳಿದದ್ದು ನಾಲ್ಕು ನೂಲಿನ ಸೀರೆ, ಐದು ರವಿಕೆ.

ನೆಂಟರೆಲ್ಲ ಹೊರಟುಹೋದರು. ಶಾಲೆ ಬಿಟ್ಟ ಮೇಲೆ ಮನೆಗೆ ಹೋಗಲು ಮನಸ್ಸಾಗದೆ ಅಲ್ಲಿಯ ಜಗಲಿಯಲ್ಲೇ ಕೂರುತ್ತಿದ್ದೆ. ಆ ವರ್ಷ ಚಳಿ ಜೋರಾದಾಗ ಒಂದು ದಿನ ಅವಳ ಹಸಿರು ಸೀರೆಯನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಹೊದ್ದುಕೊಂಡೆ. ಬೆಳಿಗ್ಗೆ ಪಕ್ಕದ ಮನೆಯವರು ಕಂಡಾರೆಂದು ನಾಚಿ ಬಚ್ಚಿಟ್ಟೆ. ಕೌದಿ ಮಾಡಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನಿಸಿತು.

ಭಾನುವಾರ ಬಸ್ಸು ಹತ್ತಿ ಹುಣಸೂರಿಗೆ ಹೋದೆ. ಪೇಟೆ ಬೀದಿಯಲ್ಲಿ ಒಬ್ಬ ಸಾಬರ ಹೊಲಿಗೆ ಅಂಗಡಿಯಿತ್ತು. ಅವರು ಗಂಟು ಬಿಚ್ಚಿ ನೋಡಿ, "ಕೌದಿ ಮಿಷನ್ ಕೆಲಸ ಅಲ್ಲ ಸ್ವಾಮಿ. ನಮ್ಮ ಅಮ್ಮ ಕೈಯಲ್ಲಿ ಹಾಕ್ತಾರೆ, ಕೇಳಿ," ಎಂದು ಒಳಗೆ ಕರೆದುಕೊಂಡು ಹೋದರು.

ಅವರ ತಾಯಿ ತುಂಬ ವಯಸ್ಸಾದವರು. "ಯಾರ ಸೀರೆ?" ಅಂದರು.

"ನಮ್ಮ ತಾಯೀದು," ಅಂದೆ.

ಅವರು ಒಂದು ರವಿಕೆ ಎತ್ತಿ ತೋಳಿನ ಅಳತೆಯನ್ನು ಬೆರಳಲ್ಲೇ ನೋಡಿದರು. "ಇದು ತಾಯಿ ರವಿಕೆ ಅಲ್ಲ ಮಗಾ. ಇನ್ನೂ ಹುಡುಗಿ," ಅಂದರು.

ತಿಥಿಯ ದಿನವೂ ಅಳದವನು ಅಲ್ಲಿ, ಗುರುತಿಲ್ಲದವರ ಮನೆಯಲ್ಲಿ, ಅತ್ತುಬಿಟ್ಟೆ. ನಾನು ಸುಮ್ಮನಾದ ಮೇಲೆ ಅವರು, "ಇದನ್ನ ನಾನು ಹಾಕಲ್ಲ. ನೀನೇ ಹಾಕು, ನಾನು ಹೇಳಿಕೊಡ್ತೀನಿ," ಎಂದು ದಪ್ಪ ಸೂಜಿಯೊಂದನ್ನು ಕೈಗೆ ಕೊಟ್ಟರು.

ಮೊದಲು ಬಟ್ಟೆಯ ಗಂಜಿ ಹೋಗುವಂತೆ ಒಗೆಯಬೇಕು ಅಂದರು. ಅಲ್ಲೇ ಲಕ್ಷ್ಮಣತೀರ್ಥ ಹೊಳೆಯಲ್ಲಿ ಒಗೆದು ಬಂಡೆಯ ಮೇಲೆ ಹರವಿದೆ. ಒಣಗಿದ ಮೇಲೆ ಮಡಿಸಲು ಎತ್ತಿಕೊಂಡಾಗಲೇ ತಿಳಿದದ್ದು, ಅವಳ ಮೈಯ ವಾಸನೆ ಹೊಳೆಗೆ ಹೋಗಿತ್ತು.

ಹತ್ತು ಹನ್ನೊಂದು ಭಾನುವಾರ ಹೋದೆ. ಅಂಚಿನಿಂದ ಶುರುಮಾಡಿ ಸುತ್ತುಸುತ್ತಾಗಿ ನಡುವಿಗೆ ಬರಬೇಕು. ನನ್ನ ಹೊಲಿಗೆ ಸೊಟ್ಟಗಾದರೆ ಆ ತಾಯಿ ನಗುತ್ತಿದ್ದರು, ಆದರೆ ಬಿಚ್ಚಿಸುತ್ತಿರಲಿಲ್ಲ. ಮಿಕ್ಕ ದಿನ ಶಾಲೆ ಬಿಟ್ಟ ಮೇಲೆ ಬಾಗಿಲು ಹಾಕಿಕೊಂಡು, ಕಿಟಕಿಯಲ್ಲಿ ಬೆಳಕಿರುವಷ್ಟು ಹೊತ್ತು ಹೊಲಿಯುತ್ತಿದ್ದೆ. ಮುಗಿಯುವುದು ಬೇಡವೆಂದು ಕೊನೆಕೊನೆಗೆ ದಿನಕ್ಕೆ ಒಂದು ಗೇಣು ಮಾತ್ರ ಹಾಕುತ್ತಿದ್ದೆ. ಆದರೂ ಮುಗಿಯಿತು.

ಬೇಸಿಗೆಯಲ್ಲಿ ಅವಳ ತಾಯಿ ಬಂದರು. ಕೃಷ್ಣರಾಜನಗರದ ಕಡೆಯವರು, ನನ್ನ ಅಪ್ಪನ ಸ್ವಂತ ತಂಗಿ. ನನ್ನನ್ನು ಎತ್ತಿ ಆಡಿಸಿದ ಅತ್ತೆ. ಹಾಸಿಗೆಯ ಮೇಲಿದ್ದ ಕೌದಿಯನ್ನು ನೋಡಿದ ಕೂಡಲೇ ನಿಂತುಬಿಟ್ಟರು.

"ಹೊಳೆಗೆ ಬುಟ್ಟೆ ಅಂದ್ಯಲ್ಲೋ!"

"ಆಗಲಿಲ್ಲ ಅತ್ತೆ."

"ಸತ್ತೋರ ಬಟ್ಟೆ ಹೊದ್ಕಂಡು ಮನಗ್ತಾರೇನ್ಲಾ? ನಿಂಗೇನಾರ ಆದ್ರೆ ನಾನು ಯಾರ ಮಕ ನೋಡ್ಲಿ?"

ಬೈಯುತ್ತಲೇ ಅತ್ತೆ ಕೌದಿಯ ಪಕ್ಕದಲ್ಲಿ ಕೂತರು. ಕೂತವರು ಒಂದು ಕೆಂಪು ತುಂಡಿನ ಮೇಲೆ ಕೈಯಿಟ್ಟರು. "ಇದು ಅವ್ಳು ದೊಡ್ಡವ್ಳಾದಾಗ ಉಡ್ಸಿದ್ದು ಕಣೋ. ಇದು ಬ್ಯಾಡ, ಹಳದಿ ಸೀರೆ ಬೇಕು ಅಂತ ದಿನವೆಲ್ಲ ಉಣ್ಣದೆ ಕೂತಿದ್ಲು."

ಅದು ನನಗೆ ಗೊತ್ತಿರಲಿಲ್ಲ. ಅವಳು ಅದನ್ನು ಉಡುತ್ತಿದ್ದದ್ದೇ ಅಪರೂಪ. ಯಾಕೆಂದು ನಾನು ಕೇಳಿರಲಿಲ್ಲ. ಒಂದೂವರೆ ವರ್ಷದ ಸಂಸಾರದಲ್ಲಿ ನಾನು ಕೇಳದೆ ಬಿಟ್ಟದ್ದು ಇನ್ನೆಷ್ಟಿತ್ತೋ.

ಅಂದು ಮಧ್ಯಾಹ್ನದ ಸೆಕೆಯಲ್ಲೇ ಅತ್ತೆ ಕೌದಿಯನ್ನು ತಲೆತನಕ ಹೊದ್ದು ಮಲಗಿದರು. ಎದ್ದ ಮೇಲೆ, "ಇದ್ನ ನಂಗೆ ಕೊಡ್ತೀಯಾ?" ಅಂದರು.

"ಇಲ್ಲ ಅತ್ತೆ," ಅಂದೆ.

ಮಾರನೆಯ ಬೆಳಿಗ್ಗೆ ಅವರನ್ನು ಬಸ್ಸು ಹತ್ತಿಸಿದೆ. ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಡ್ರೈವರಿಗೆ ಕೊಂಚ ತಡೆಯಲು ಹೇಳಿ ಮನೆಗೆ ಓಡಿದೆ. ಕೌದಿ ತಂದು ಕಿಟಕಿಯಿಂದ ಒಳಗೆ ತುರುಕಿದೆ. ಸಂತೋಷದಿಂದ ಕೊಟ್ಟೆನೆಂದರೆ ಸುಳ್ಳಾಗುತ್ತದೆ. ಬಸ್ಸು ಮರೆಯಾಗುವ ಮುಂಚೆಯೇ ಯಾಕೆ ಕೊಟ್ಟೆನೋ ಅನ್ನಿಸಿತ್ತು.

ಮುಂದಿನ ಚಳಿಗಾಲಕ್ಕೆ ಒಂದು ಕಂಬಳಿ ಕೊಂಡೆ. ವರ್ಷಕ್ಕೆ ಎರಡು ಸಲ ಅತ್ತೆಯ ಊರಿಗೆ ಹೋಗುತ್ತಿದ್ದೆ. ಮಲಗುವ ಹೊತ್ತಿಗೆ ಅವರು ಕೌದಿಯನ್ನು ತಂದು ನನ್ನ ಚಾಪೆಯ ಮೇಲಿಟ್ಟು, ತಾವು ಬರೀ ಸೆರಗು ಹೊದ್ದು ಮಲಗುತ್ತಿದ್ದರು.